ಹೆಸರು ಹಿಡಿದು ಕರೆಯಿರಿ

ಕೊಪ್ಪಳದ, ಗಂಗಾವತಿಯ, ಕುಷ್ಟಗಿಯ, ಯಲಬುರ್ಗಾದ ತಮ್ಮಂದಿರೇ, ತಂಗಿಯರೇ, ಒಂದು ಮಾತು ಕೇಳಿ. 2000ನೇ ಇಸವಿಯವರೆಗೆ ನಮ್ಮ ಕರ್ನಾಟಕದ ಒಂದು ಮರಕ್ಕೆ ವಿಜ್ಞಾನದ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ. ಅದು ಕಣ್ಣಿಗೆ ಬೀಳದ ಪಾಚಿಯಲ್ಲ, ಬಂಡೆಯ ಸಂದಿಯ ಹುಲ್ಲೂ ಅಲ್ಲ. ಮುಗಿಲಿಗೆ ಮುಖಮಾಡಿ ನಿಂತ ಮರ. ಅದು ಮನುಷ್ಯ ಕಾಲಿಡದ ಜಾಗದಲ್ಲಿಯೂ ಇರಲಿಲ್ಲ. ಹೊನ್ನಾವರದಿಂದ ಬೆಂಗಳೂರಿನತ್ತ ಬರುವ ಹೆದ್ದಾರಿ ಸೀಳಿಕೊಂಡು ಹೋಗುವ ಕಾಡಿನಲ್ಲಿತ್ತು. ಎಷ್ಟು ಬಸ್ಸು, ಎಷ್ಟು ಲಾರಿ, ಜೋಗ ನೋಡಲು ಹೊರಟ ಎಷ್ಟು ಶಾಲಾ ಪ್ರವಾಸಗಳು ಆ ಕಾಡನ್ನು ದಾಟಿ ಹೋದವೋ! ನೋಡಿದವರು ಸಾವಿರಾರು. ಹೆಸರಿಟ್ಟವರಿಲ್ಲ.

ಆ ಕಾಡು ಕತ್ತಲೆಕಾನು. ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಶರಾವತಿಯ ಕೊಳ್ಳ. ನಡು ಮಧ್ಯಾಹ್ನದಲ್ಲೂ ಬಿಸಿಲು ಸರಿಯಾಗಿ ನೆಲ ಮುಟ್ಟದಷ್ಟು ದಟ್ಟ ಮಳೆಕಾಡು. ಅದರೊಳಗೆ ಹಳ್ಳದ ನೀರು ಬೇಸಿಗೆಯಲ್ಲೂ ಬತ್ತದೆ ಹರಡಿಕೊಂಡಿರುವ ಜೌಗುಗಳಿವೆ. ಮಲೆನಾಡಿನವರು ಅವನ್ನು ರಾಮಪತ್ರೆ ಜಡ್ಡಿ ಎನ್ನುವುದುಂಟು. ಜಾಯಿಕಾಯಿ, ರಾಮಪತ್ರೆಗಳ ಬಳಗಕ್ಕೆ ಸೇರಿದ ಮರಗಳು ಅಲ್ಲಿ ಕೆಸರಿನಲ್ಲೇ ಬದುಕುತ್ತವೆ. ಕೆಸರಿನಲ್ಲಿ ಗಾಳಿ ಸಿಗದು. ಅದಕ್ಕೆ ಬೇರುಗಳು ಮಂಡಿ ಮಡಚಿ ಮೇಲೆದ್ದು ಹೊರಗಿನ ಗಾಳಿ ಎಳೆದುಕೊಂಡು ಮತ್ತೆ ಕೆಳಗಿಳಿಯುತ್ತವೆ. ಹೂಬಿಡುವ ಸಸ್ಯಗಳಲ್ಲೇ ಬಹು ಹಳೆಯ ವಂಶ ಅದು. ಅಂಥ ಜೌಗಿನೊಳಗೆ, ಮಾವು ಮತ್ತು ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರ ಯಾವ ಹಳೆಯ ವಿವರಣೆಗೂ ಹೊಂದದೆ ನಿಂತಿತ್ತು. ದಾಸಪ್ಪ ಮತ್ತು ಅರಣ್ಯಾಧಿಕಾರಿ ಎಂ.ಎಚ್. ಸ್ವಾಮಿನಾಥ್ ಅದನ್ನು ಪರೀಕ್ಷಿಸಿ, 1875ರಿಂದ ಪ್ರಕಟವಾಗುತ್ತಿರುವ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ 2000ದಲ್ಲಿ ಅದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ಸಾರಿದರು. ಇಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಇನ್ನೊಮ್ಮೆ ಓದಿ. ಜಗತ್ತಿನ ಯಾವ ಮೂಲೆಯ ವಿದ್ವಾಂಸ ಈ ಮರದ ಬಗ್ಗೆ ಬರೆದರೂ, ಯಾವ ಭಾಷೆಯಲ್ಲಿ ಬರೆದರೂ, ಒಂದು ಕನ್ನಡದ ಊರಿನ ಹೆಸರನ್ನು ಬರೆಯದೆ ಮುಂದೆ ಹೋಗಲಾರ.

ಹೆಸರಿಡುವುದೆಂದರೆ ಏನೆಂದು ತಿಳಿದಿದ್ದೀರಿ? ಯಾರೋ ಒಬ್ಬ ಪಂಡಿತ ಗಿಡವನ್ನು ಕಂಡು, ಮನಸ್ಸಿಗೆ ಬಂದ ಒಂದು ಲ್ಯಾಟಿನ್ ಪದ ನುಡಿದು ಮನೆಗೆ ಹೋದ ಎಂದುಕೊಂಡಿದ್ದೀರಾ? ಇಲ್ಲ. ಅದರ ಹಿಂದಿರುವುದು ರೈತನ ದುಡಿಮೆ. ಹೂವಿದ್ದಾಗ ಹೋಗಬೇಕು, ಕಾಯಿಯಿದ್ದಾಗ ಮತ್ತೆ ಹೋಗಬೇಕು. ಒಂದು ರೆಂಬೆಯನ್ನು ಹೂ, ಎಲೆ, ಕಾಯಿ ಸಮೇತ ತಂದು, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಭಾರ ಹೇರಿ, ತೇವ ಹೀರಿದ ಹಾಳೆಗಳನ್ನು ಬದಲಿಸುತ್ತ ಬದಲಿಸುತ್ತ ಒಣಗಿಸಬೇಕು. ಒಣಗಿದ ಮೇಲೆ ಹೂವಿನ ಬಣ್ಣ ಮಾಸುತ್ತದೆ, ವಾಸನೆ ಹೋಗುತ್ತದೆ. ಆದ್ದರಿಂದ ಬಣ್ಣ ಯಾವುದಿತ್ತು, ಹಾಲು ಬಂತೋ ಅಂಟು ಬಂತೋ, ಮರ ಎಷ್ಟೆತ್ತರ, ನೆಲ ಎಂಥದು, ಊರು ಯಾವುದು, ದಿನ ಯಾವುದು, ಸ್ಥಳೀಯರು ಏನೆಂದು ಕರೆಯುತ್ತಾರೆ, ಎಲ್ಲವನ್ನೂ ಅಲ್ಲೇ, ಆ ಮರದ ಕೆಳಗೇ ನಿಂತು ಬರೆದಿಡಬೇಕು. ಆಮೇಲೆ ಆ ಒಣ ಮಾದರಿಯನ್ನು ಸಸ್ಯ ಭಂಡಾರಗಳಲ್ಲಿರುವ ಹಳೆಯ ಮಾದರಿಗಳ ಜೊತೆ ಇಟ್ಟು ನೋಡಬೇಕು. ಆ ಭಂಡಾರಗಳನ್ನು ಹರ್ಬೇರಿಯಂ ಎನ್ನುತ್ತಾರೆ. ಹೌರಾದಲ್ಲಿರುವ ನಮ್ಮ ದೇಶದ ಕೇಂದ್ರ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ ಹಾಳೆಗಳಿವೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸುಮಾರು 70 ಲಕ್ಷ. ದಳ ಎಷ್ಟು, ಕೇಸರ ಎಷ್ಟು, ಕಾಯಿಯ ತೊಟ್ಟು ಹೇಗಿದೆ ಎಂದು ಸೂಜಿಯ ಮೊನೆಯಲ್ಲಿ ಬಿಡಿಸಿ ಬಿಡಿಸಿ ನೋಡಿ, ಕುಲದ ಬೇರೆ ಯಾವ ಪ್ರಭೇದಕ್ಕೂ ಇದು ಸೇರದು ಎಂದು ಖಚಿತವಾದ ಮೇಲೆಯೇ ಹೆಸರು. ಕತ್ತಲೆಕಾನಿನ ಮರಕ್ಕೆ ಹೆಸರಿಟ್ಟ ಕಾಲದ ನಿಯಮದಂತೆ ಲಕ್ಷಣಗಳನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 2012ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ಕೊನೆಗೆ ಒಂದೇ ಒಂದು ಹಾಳೆಯನ್ನು ಈ ಹೆಸರಿಗೆ ಇದೇ ಸಾಕ್ಷಿ ಎಂದು ಗುರುತು ಹಾಕಿ ಕಾಪಾಡಿಡುತ್ತಾರೆ. ಮುಂದೆ ನೂರು ವರ್ಷ ಬಿಟ್ಟು ಯಾರಿಗೆ ಅನುಮಾನ ಬಂದರೂ ಆ ಹಾಳೆಯ ಮುಂದೆಯೇ ಬಂದು ನಿಲ್ಲಬೇಕು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ದುಬಾರಿ ಯಂತ್ರವಲ್ಲ. ಕಣ್ಣು. ಕಾಲು. ತಾಳ್ಮೆ. ಇವು ಮೂರೂ ನಿಮ್ಮಲ್ಲಿವೆ.

ಹೆಸರಿಟ್ಟ ಮೇಲೆ ಏನಾಯಿತು ಎಂಬುದನ್ನು ಕೇಳಿದರೆ ಈ ಶ್ರಮ ಯಾಕೆ ಎಂದು ನಿಮಗೇ ಹೊಳೆಯುತ್ತದೆ. ಹೆಸರಿಲ್ಲದ ಮರ ರೇಷನ್ ಕಾರ್ಡಿಲ್ಲದ ಬಡವನಿದ್ದಂತೆ, ಕಣ್ಣೆದುರಿಗಿದ್ದರೂ ಲೆಕ್ಕದಲ್ಲಿಲ್ಲ. ಹೆಸರು ಬಂದದ್ದೇ ತಡ, ಜನ ಹುಡುಕಿಕೊಂಡು ಹೊರಟರು. ಎಲ್ಲೆಲ್ಲಿವೆ? ಎಷ್ಟಿವೆ? ಎಷ್ಟು ಮರ ಕಾಯಿ ಬಿಡುತ್ತವೆ? ಉತ್ತರ ಎದೆ ನಡುಗಿಸುವಂತಿತ್ತು. ಉತ್ತರ ಕನ್ನಡದ ಕೆಲವೇ ಜೌಗುಗಳನ್ನು ಬಿಟ್ಟರೆ ಮತ್ತೆಲ್ಲೂ ಕಾಣಲಿಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಕಡೆ ಒಂದೇ ಬಗೆಯದು ಉಳಿದರೆ ಕಾಯಿ ಇಲ್ಲ, ಸಂತಾನ ಇಲ್ಲ. ಇಂಥ ಜೌಗು ಮರಗಳ ಬೀಜವನ್ನು ನಮ್ಮ ಜೋಳದ ಹಾಗೆ ಒಣಗಿಸಿ ಹಗೇವಿನಲ್ಲಿ ಇಡಲಾಗದು. ತೇವ ಆರಿದರೆ ಜೀವ ಆರಿತು. ಜೌಗನ್ನು ಕಡಿದು ತೋಟ ಮಾಡಿದರೆ, ಅದರ ನೀರನ್ನು ಬೇರೆಡೆ ತಿರುಗಿಸಿದರೆ, ಒಂದು ವಂಶವೇ ಭೂಮಿಯಿಂದ ಅಳಿಸಿಹೋದಂತೆ. ಇದು ತಿಳಿದಾಗ ಶಿರಸಿಯ ಅರಣ್ಯ ಮಹಾವಿದ್ಯಾಲಯದವರು, ಅಧ್ಯಾಪಕ ಆರ್. ವಾಸುದೇವ ಮತ್ತು ಅವರ ವಿದ್ಯಾರ್ಥಿಗಳು, ಸುಮ್ಮನೆ ಕೂರಲಿಲ್ಲ. ಬೀಜ ಹೆಕ್ಕಿ, ಸಸಿ ಮಾಡಿ, ಹಳ್ಳಿಯವರನ್ನು ಜೊತೆಗೆ ಕರೆದುಕೊಂಡು ಜೌಗಿನ ಮರಗಳನ್ನು ಮತ್ತೆ ಜೌಗಿಗೆ ಸೇರಿಸುವ ಕೆಲಸಕ್ಕೆ ಇಳಿದರು. ವಿದ್ಯಾರ್ಥಿಗಳು ಎಂಬ ಮಾತನ್ನು ಗಮನಿಸಿ. ನಿಮ್ಮದೇ ವಯಸ್ಸಿನವರು.

ಅದೇ ಕತ್ತಲೆಕಾನಿನಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ದಕ್ಷಿಣ ಕೇರಳದ ಮರವೆಂದು ಪುಸ್ತಕಗಳು ಹೇಳುತ್ತಿದ್ದ, ಒಂದು ಕಾಲಕ್ಕೆ ನಿರ್ನಾಮವಾಯಿತೆಂದೇ ಭಾವಿಸಿದ್ದ ಮಧುಕಾ ಬೋರ್ಡಿಲ್ಲೋನಿ ಎಂಬ ಮರವನ್ನು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಇಲ್ಲಿ ಗುರುತಿಸಿ 2008ರಲ್ಲಿ ಪ್ರಕಟಿಸಿದರು. ನಮ್ಮ ಇಪ್ಪೆ ಮರದ ದಾಯಾದಿ ಅದು. ನೂರಾರು ಮೈಲಿ ದೂರದಲ್ಲಿ ಸತ್ತುಹೋಯಿತೆಂದು ಬರೆದಿಟ್ಟ ಮರ ಇಲ್ಲಿ ಚಿಗುರುತ್ತಾ ನಿಂತಿತ್ತು. 2011ರಲ್ಲಿ ಈ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿನ ಭಾಗವಾಯಿತು. ಗುರುತಿಸಿದರು, ಹೆಸರಿಟ್ಟರು, ಎಣಿಸಿದರು, ಬರೆದರು. ಆದ್ದರಿಂದ ಕಾಡು ಉಳಿಯಲು ದಾರಿಯಾಯಿತು.

ಈಗ ನೀವು ಕೇಳಬಹುದು: ಅದು ಮಲೆನಾಡಿನ ಮಾತಾಯಿತು, ಮಸಾರಿ ನೆಲ, ಎರೆ ನೆಲದ ಮಕ್ಕಳಾದ ನಮಗೂ ಮಳೆಕಾಡಿಗೂ ಏನು ಸಂಬಂಧ? ಮುಗಿಲು ನೋಡಿ ಬಿತ್ತುವ ಕುಷ್ಟಗಿಗೂ ಕತ್ತಲೆಕಾನಿಗೂ ಎತ್ತಣಿಂದೆತ್ತ?

ಸಂಬಂಧ ನಿಮ್ಮ ತಾಟಿನಲ್ಲೇ ಇದೆ. ಗಂಗಾವತಿಯ ಗದ್ದೆಗೆ ಹರಿಯುವ ನೀರು ತುಂಗಭದ್ರೆಯದು. ಮುನಿರಾಬಾದಿನ ಅಣೆಕಟ್ಟೆಯಿಂದ ಎಡದಂಡೆ ಕಾಲುವೆಗೆ ಇಳಿಯುವ ಆ ನೀರು ಎಲ್ಲಿ ಹುಟ್ಟಿತು? ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ, ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ. ಕತ್ತಲೆಕಾನಿನ ಹಳ್ಳಗಳು ಶರಾವತಿಯ ಜೊತೆ ಪಡುವಣ ಕಡಲಿಗೆ ಹೋಗುತ್ತವೆ, ನಿಜ. ಆದರೆ ಅದೇ ಘಟ್ಟದ ಸಾಲಿನಲ್ಲಿ ಮೂಡಣಕ್ಕೆ ತಿರುಗಿದ ನೀರು ತುಂಗೆಯಾಗಿ, ಭದ್ರೆಯಾಗಿ, ಕೂಡಲಿಯಲ್ಲಿ ಒಂದಾಗಿ ನಮ್ಮ ಬಾಗಿಲಿಗೆ ಬರುತ್ತದೆ. ಜೂನಿನ ಮಳೆಯನ್ನು ಹಿಡಿದಿಟ್ಟು ಮುಂದಿನ ತಿಂಗಳುಗಳಿಗೆ ಹನಿಹನಿಯಾಗಿ ಬಿಟ್ಟುಕೊಡುವುದು ಆ ಕಾಡಿನ ಬೇರು, ಆ ಕಾಡಿನ ತರಗೆಲೆ. ಅಲ್ಲಿ ಒಂದು ಕಾಡು ಕಡಿದರೆ ಇಲ್ಲಿ ಒಂದು ಕಾಲುವೆ ಸೊರಗುತ್ತದೆ. ನಾವು ಉಣ್ಣುವ ಅನ್ನಕ್ಕೆ ಆ ಮರಗಳ ಋಣವಿದೆ. ಋಣವಿದ್ದವರು ಹೆಸರನ್ನಾದರೂ ತಿಳಿಯಬೇಡವೇ?

ಇನ್ನು ನಮ್ಮ ನೆಲದ ಮಾತು. ಮಳೆಕಾಡಿನಲ್ಲಷ್ಟೇ ಹೊಸ ಗಿಡ ಸಿಗುತ್ತದೆ ಎಂದು ನಿಮಗೆ ಯಾರು ಹೇಳಿದರು? ಮಳೆಕಾಡು ತನ್ನ ಗುಟ್ಟನ್ನು ಕತ್ತಲೆಯಲ್ಲಿ ಬಚ್ಚಿಡುತ್ತದೆ. ಬಯಲುಸೀಮೆ ಬಚ್ಚಿಡುವುದು ಕಾಲದಲ್ಲಿ. ನಮ್ಮ ಗುಡ್ಡದ ಎಷ್ಟೋ ಗಿಡಗಳು ವರ್ಷದ ಬಹುಪಾಲು ಗೆಡ್ಡೆಯಾಗಿ ಮಣ್ಣೊಳಗೆ ಮಲಗಿರುತ್ತವೆ. ಮೊದಲ ಮಳೆ ಬಿದ್ದ ಮೇಲೆ ಎದ್ದು, ಕೆಲವು ವಾರಗಳಲ್ಲಿ ಚಿಗುರಿ, ಹೂಬಿಟ್ಟು, ಬೀಜ ತೂರಿ ಮತ್ತೆ ಕಾಣೆಯಾಗುತ್ತವೆ. ಅಷ್ಟರೊಳಗೆ ಅಲ್ಲಿಗೆ ಹೋಗಿ ಬಗ್ಗಿ ನೋಡಿದವರಿಗೆ ಮಾತ್ರ ದರ್ಶನ. ಬ್ರಾಕಿಸ್ಟೆಲ್ಮಾ ಎಂಬುದು ಅಂಥ ಒಂದು ಕುಲ. ನೆರೆಯ ಆಂಧ್ರದ ಗುಡ್ಡಗಳಿಂದ ಈ ಶತಮಾನದಲ್ಲೇ ಆ ಕುಲದ ಹೊಸ ಪ್ರಭೇದಗಳು ವಿಜ್ಞಾನಕ್ಕೆ ಬಂದಿವೆ. ಒಂದಕ್ಕೆ ತಿರುಪತಿಯ ಕೀರ್ತನಕಾರ ಅನ್ನಮಾಚಾರ್ಯರ ಹೆಸರನ್ನೇ ಇಟ್ಟಿದ್ದಾರೆ. ಆಂಧ್ರದವರ ಗುಡ್ಡಗಳಲ್ಲಿ ಸಿಕ್ಕಿತು. ನಮ್ಮ ಗುಡ್ಡಗಳನ್ನು ಹೂವಿನ ಹೊತ್ತಿನಲ್ಲಿ ಹತ್ತಿದವರೆಷ್ಟು? ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ನೋಡಲು ಹೋದಾಗ ಆ ಕಲ್ಲುಗಳ ಬುಡದಲ್ಲಿ ಅರಳಿದ್ದನ್ನು ನೋಡಿದವರೆಷ್ಟು? ಆನೆಗೊಂದಿಯ ಬಂಡೆಗಳ ಮೇಲೆ ಮಳೆನೀರು ನಿಂತ ಗುಂಡಿಗಳಲ್ಲಿ ಕೆಲವೇ ದಿನ ಬಾಳುವ ಹೂಗಳಿಗೆ ಲೆಕ್ಕ ಇಟ್ಟವರೆಷ್ಟು? ಯಲಬುರ್ಗಾದ ಹುಲ್ಲುಗಾವಲಿನಲ್ಲಿ, ಕನಕಗಿರಿಯ ಕುರುಚಲಿನಲ್ಲಿ ಇನ್ನೂ ಯಾರೂ ಬರೆಯದ ಒಂದು ಗಿಡ ಇರಲಾರದೆಂದು ಯಾರಾದರೂ ಆಣೆ ಮಾಡಿ ಹೇಳಬಲ್ಲರೇ?

ಕ್ಯೂ ಉದ್ಯಾನದವರ 2023ರ ವರದಿಯ ಅಂದಾಜಿನಂತೆ ಇನ್ನೂ ಹೆಸರು ಪಡೆಯದ ಸಸ್ಯಗಳು ಜಗತ್ತಿನಲ್ಲಿ ಒಂದು ಲಕ್ಷದವರೆಗೆ ಇರಬಹುದು. ಅವುಗಳಲ್ಲಿ ನಾಲ್ಕಕ್ಕೆ ಮೂರು ಈಗಾಗಲೇ ಅಳಿವಿನ ಅಂಚಿನ ದಾರಿ ಹಿಡಿದಿರಬಹುದು. ಹೆಸರು ಸಿಗುವ ಮೊದಲೇ ಸಾವು. ನಮ್ಮಲ್ಲಿ ಗುಡ್ಡ ಕಲ್ಲಿನ ಕ್ವಾರಿಯಾಗುತ್ತಿದೆ, ಗೋಮಾಳ ಕರಗುತ್ತಿದೆ, ಹೊಲದ ಬದು ಕಳೆನಾಶಕಕ್ಕೆ ಸುಟ್ಟು ಬೋಳಾಗುತ್ತಿದೆ. ಒಂದು ಗುಡ್ಡ ಹೋದಾಗ ಅದರ ಜೊತೆ ಏನೇನು ಹೋಯಿತೆಂದು ಹೇಳಲು ನಮ್ಮ ಬಳಿ ಪಟ್ಟಿಯೇ ಇಲ್ಲದಿದ್ದರೆ ನಾವು ಯಾವ ಬಾಯಿಂದ ತಡೆಯೋಣ, ಯಾರ ಮುಂದೆ ವಾದಿಸೋಣ?

ಆಂಜನೇಯನ ಸೀಮೆಯವರು ನಾವು. ಅಂಜನಾದ್ರಿಯ ಮೆಟ್ಟಿಲು ಹತ್ತದೆ ಬೆಳೆದವರು ನಮ್ಮಲ್ಲಿ ವಿರಳ. ಅವನ ಕತೆಯಲ್ಲಿ ಒಂದು ಘಟ್ಟವಿದೆ. ಲಕ್ಷ್ಮಣ ಮೂರ್ಛೆ ಹೋಗಿದ್ದಾನೆ, ಹೊತ್ತು ಮೀರುತ್ತಿದೆ, ಸಂಜೀವಿನಿ ಬೇಕು. ಹನುಮಂತ ಕಡಲು ದಾಟಬಲ್ಲ, ಮುಗಿಲಿನಲ್ಲಿ ಹಾರಬಲ್ಲ. ಆದರೆ ಆ ಪರ್ವತದ ಸಾವಿರ ಗಿಡಗಳ ನಡುವೆ ಬೇಕಾದ ಗಿಡದ ಗುರುತು ಸಿಗಲಿಲ್ಲ. ಅವನು ಎದೆಗುಂದಲಿಲ್ಲ, ಪರ್ವತವನ್ನೇ ಹೊತ್ತು ತಂದ. ಗಿಡವನ್ನು ಆರಿಸಿ ಅರೆದು ಪ್ರಾಣ ಉಳಿಸಿದವನು ವೈದ್ಯ ಸುಷೇಣ. ಶಕ್ತಿಯೂ ಬೇಕು, ಗುರುತೂ ಬೇಕು. ಎರಡೂ ಕೂಡಿದಾಗಲೇ ಲಕ್ಷ್ಮಣ ಕಣ್ಣು ತೆರೆದದ್ದು. ತಮ್ಮಂದಿರೇ, ತಂಗಿಯರೇ, ಪರ್ವತ ಹೊರುವ ಶಕ್ತಿ ನಿಮ್ಮ ತೋಳಿನಲ್ಲಿದೆ. ಸುಷೇಣನ ವಿದ್ಯೆಯನ್ನೂ ನಿಮ್ಮದು ಮಾಡಿಕೊಳ್ಳಿ.

ಆ ವಿದ್ಯೆಯ ಅರ್ಧ ನಿಮ್ಮ ಮನೆಯಲ್ಲೇ ಇದೆ. ನಿಮ್ಮ ಅಜ್ಜಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ ನೋಡಿ. ಕಸ ಎಂದು ನೀವು ತುಳಿದುಕೊಂಡು ಹೋಗುವ ಜಾಗದಲ್ಲಿ ಆಕೆ ಬಗ್ಗುತ್ತಾಳೆ. ಇದು ಹತ್ತರಕಿ, ಇದು ಕಿರಕಸಾಲಿ, ಇದು ಗೋಳಿ ಪಲ್ಯ, ಇದು ಉತ್ತರಾಣಿ, ಇದು ತಂಗಡಿ ಎಂದು ಹೆಸರು ಹಿಡಿದು ಕರೆಯುತ್ತಾಳೆ. ಯಾವ ತಪ್ಪಲ ಹಸಿಯಾಗಿ ತಿನ್ನಬೇಕು, ಯಾವುದನ್ನು ಬೇಯಿಸಬೇಕು, ಯಾವುದಕ್ಕೆ ದನ ಬಾಯಿ ಹಾಕದು ಎಂಬುದೆಲ್ಲ ಆಕೆಗೆ ಗೊತ್ತು. ಕುರಿಗಾಹಿಯ ಹಿಂದೆ ಒಂದು ದಿನ ನಡೆಯಿರಿ. ಯಾವ ಗಿಡ ಯಾವ ಮಳೆಗೆ ಚಿಗುರುತ್ತದೆ, ಎಂಥ ನೆಲದಲ್ಲಿ ಇರುತ್ತದೆ, ಎಂಥ ನೆಲದಲ್ಲಿ ಇರುವುದೇ ಇಲ್ಲ ಎಂದು ಅವನು ಹೇಳುವುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಸೂಕ್ಷ್ಮದರ್ಶಕ ನಿಮ್ಮ ಕಾಲೇಜಿನಲ್ಲಿದೆ. ಈ ಜ್ಞಾನ ನಿಮ್ಮ ಅಂಗಳದಲ್ಲಿದೆ. ಎರಡನ್ನೂ ಕೂಡಿಸಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ. ದೂರದಿಂದ ಬರುವ ಸಂಶೋಧಕನಿಗೆ ಅಜ್ಜಿಯ ಮಾತು ತಿಳಿಯದು. ಅಜ್ಜಿಗೆ ಹರ್ಬೇರಿಯಂ ತಿಳಿಯದು. ನಡುವೆ ನಿಂತವರು ನೀವು.

ನಮ್ಮ ಭಾಷೆಯಲ್ಲಿ ವಿಜ್ಞಾನ ನಡೆಯದು ಎಂದು ಯಾರಾದರೂ ಹೇಳಿದರೆ ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯಿರಿ. ಡಿ.ವಿ. ಗುಂಡಪ್ಪನವರ ಮಗ, ಹಾರ್ವರ್ಡಿನಲ್ಲಿ ಸಸ್ಯಶಾಸ್ತ್ರಜ್ಞ ಇರ್ವಿಂಗ್ ಬೈಲಿ ಅವರ ಜೊತೆ ದುಡಿದು ಬಂದವರು. ದಕ್ಷಿಣ ಘಟ್ಟದ ಕಾಡಿನ ಒಂದು ಸಸ್ಯವನ್ನು ಹೊಸ ಪ್ರಭೇದವೆಂದು ಗುರುತಿಸಿ 1953ರಲ್ಲಿ ಅದಕ್ಕೆ ಗುರುವಿನ ಹೆಸರಿಟ್ಟರು: ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯಿ. ಗುರುದಕ್ಷಿಣೆ ಕೊಡುವುದಾದರೆ ಹೀಗೆ ಕೊಡಬೇಕು! ಅದೇ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂದು ಕನ್ನಡದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕವಿದ್ದರೆ ಈ ವಾರವೇ ಎತ್ತಿಕೊಳ್ಳಿ. ಇಲ್ಲದಿದ್ದರೆ ತರಿಸಿ ಎಂದು ಹಟ ಹಿಡಿಯಿರಿ.

ಸಾವಿರ ವರ್ಷಕ್ಕೂ ಹಿಂದೆ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಎಣಿಸಿದ ಕೆಲವೇ ಊರುಗಳಲ್ಲಿ ನಮ್ಮ ಕೊಪ್ಪಳ, ಅಂದಿನ ಕೊಪಣವೂ ಒಂದು. ಅಶೋಕನ ಶಾಸನ ಹೊತ್ತ ಗವಿಮಠದ ಬಂಡೆ, ಪಾಲ್ಕಿಗುಂಡಿನ ಬಂಡೆ ನಮ್ಮವು. ಇಟಗಿಯ ಮಹಾದೇವ ದೇಗುಲ ನಮ್ಮದು. ಕಲ್ಲಿನಲ್ಲಿ ಬರೆದು ಉಳಿಸುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಾವು ಏನನ್ನು ಬರೆದು ಉಳಿಸುತ್ತೇವೆ? ಒಂದು ದಿನ ಒಂದು ಸಸ್ಯದ ಹೆಸರಿನ ಕೊನೆಗೆ ಕೊಪಣ, ಕನಕಗಿರಿ, ಆನೆಗೊಂದಿ, ಕುಷ್ಟಗಿ ಬಂದು ಕೂರಬೇಡವೇ? ಬರಲೇಬೇಕು. ತರುವವರು ನೀವೇ.

ಎಲ್ಲಿಂದ ಶುರು ಮಾಡುವುದು? ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ: ಅಪರೂಪದ ಗಿಡ ಕಂಡರೆ ಕೀಳಬೇಡಿ. ಫೋಟೋ ತೆಗೆಯಿರಿ, ಜಾಗ ಮತ್ತು ದಿನ ಬರೆಯಿರಿ, ನಿಮ್ಮ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿ. ಮೀಸಲು ಅರಣ್ಯದಲ್ಲಿ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಸದನ್ನು ಹುಡುಕುವ ಮೊದಲು ಹಳೆಯದನ್ನು ಕಲಿಯಿರಿ. ನಿಮ್ಮ ಊರಿನ ಸುತ್ತಲಿನ ನೂರು ಗಿಡಗಳ ಹೆಸರು ಬಾಯಿಗೆ ಬಂದ ಮೇಲೆಯೇ ನೂರಾ ಒಂದನೆಯದು ಬೇರೆಯಾಗಿದೆ ಎಂದು ಕಣ್ಣಿಗೆ ತಟ್ಟುವುದು. ದಾಸಪ್ಪ, ಸ್ವಾಮಿನಾಥ್ ಅವರಿಗೆ ಆ ಮರ ಬೇರೆಯೆಂದು ಹೊಳೆದದ್ದು ಗೊತ್ತಿದ್ದ ಮರಗಳ ಬಲದಿಂದಲೇ ಅಲ್ಲವೇ?

ಕಾನೂನೂ ನಿಮ್ಮ ಜೊತೆಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ತಳಿ, ಪ್ರಾಣಿ ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಅದನ್ನು ಬರೆಯಲು ಹೊರಗಿನವರು ಬರಲೆಂದು ಯಾಕೆ ಕಾಯುತ್ತೀರಿ? ಮುಂಗಾರಿನ ಮೊದಲ ಮಳೆಗೆ ನಾಲ್ಕು ಜನ ಗೆಳೆಯ ಗೆಳತಿಯರು ಸೇರಿ, ಒಂದು ನೋಟ್‌ಬುಕ್ಕು ಹಿಡಿದು, ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ನಿಮ್ಮೂರ ಗುಡ್ಡ ಹತ್ತಿ. ಇಳಿದು ಬರುವಾಗ ನೇರ ಪಂಚಾಯಿತಿ ಕಚೇರಿಗೆ ಹೋಗಿ, ನಮ್ಮ ಊರಿನ ದಾಖಲಾತಿ ತೋರಿಸಿ ಎಂದು ಕೇಳಿ. ಇದ್ದರೆ ಕೂತು ಓದಿ. ಅರ್ಧ ಇದ್ದರೆ ತುಂಬಿಸಿ. ಇಲ್ಲವೇ ಇಲ್ಲ ಎಂದರೆ, ಮೊದಲ ಪುಟವನ್ನು ನೀವೇ ಬರೆಯಿರಿ.